ಎಲ್ಲದಕ್ಕೂ ‘ಕ್ಲೀನ್’ ಎಂದರೆ ಸಾಕೇ?

ಈ ವರ್ಷ ಕಾಲೇಜು ಶುರುವಾದ ಮೇಲೆ ಕಾಮರ್ಸ್ ವಿದ್ಯಾರ್ಥಿಗಳಿಗೆ ಒಂದು ಮಾದರಿ ಸಂದರ್ಶನ ಇಟ್ಟಿದ್ದರು. ಹೊರಗಿನಿಂದ ಬಂದಿದ್ದ ಒಬ್ಬ ಸರ್ ಒಬ್ಬೊಬ್ಬರನ್ನೇ ಕರೆದು ಕೂರಿಸಿ ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳುತ್ತಿದ್ದರು. ನನ್ನ ಸರದಿ ಬಂದಾಗ ಮನೆಯವರ ಬಗ್ಗೆ ಹೇಳಮ್ಮ ಎಂದರು. ರಾತ್ರಿಯೆಲ್ಲ ಬಾಯಿಪಾಠ ಮಾಡಿಕೊಂಡಿದ್ದನ್ನು ಒಪ್ಪಿಸಿದೆ. ‘ಮೈ ಫಾದರ್ ಈಸ್ ಎ ಲಾರಿ ಡ್ರೈವರ್. ಮೈ ಬ್ರದರ್ ಈಸ್ ಎ ಕ್ಲೀನರ್.’ ಅವರು ಗೌರವದಿಂದಲೇ, ‘ಎಲ್ಲಿ? ಆಸ್ಪತ್ರೆಯಲ್ಲೋ, ಆಫೀಸಿನಲ್ಲೋ?’ ಎಂದು ಕೇಳಿದರು. ಒಂದು ಕ್ಷಣ ನನಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಆದ ತಕ್ಷಣ ಕುರ್ಚಿಯಿಂದ ಅರ್ಧ ಎದ್ದು, ‘ನೋ ನೋ ಸರ್, ನಾಟ್ ದಟ್ ಕ್ಲೀನರ್! ಲಾರಿ ಕ್ಲೀನರ್!’ ಎಂದೆ. ಹಿಂದೆ ಕುಳಿತಿದ್ದವರೆಲ್ಲ ನಕ್ಕರು. ಸರ್ ಕೂಡ ನಕ್ಕರು. ನಾನೂ ನಕ್ಕೆ.

ನಮ್ಮ ಭಾಯಿ ಮಾಡುವ ಕೆಲಸಕ್ಕೆ ಹಾಸನದಲ್ಲಿ ಯಾರನ್ನು ಕೇಳಿದರೂ ಕ್ಲೀನರ್ ಎಂದೇ ಹೇಳುತ್ತಾರೆ. ಅಬ್ಬಾ ಓಡಿಸುವ ಲಾರಿಯಲ್ಲೇ ಅವನು ಹೋಗುತ್ತಾನೆ. ಗಾಜು ಒರೆಸುವುದು, ಲಾರಿ ತೊಳೆಯುವುದು ಅವನ ಕೆಲಸದಲ್ಲಿ ಕಾಲು ಭಾಗವೂ ಅಲ್ಲ. ಟೈರಿಗೆ ರಾಡಿನಿಂದ ಬಡಿದು ಸದ್ದು ಕೇಳಿ ಗಾಳಿ ಇದೆಯೋ ಇಲ್ಲವೋ ಹೇಳಬೇಕು, ಟಾರ್ಪಾಲ್ ಕಟ್ಟಬೇಕು, ಹಿಂದೆ ನಿಂತು ರಿವರ್ಸ್ ತೋರಿಸಬೇಕು, ಶಿರಾಡಿ ಘಾಟಿಯಲ್ಲಿ ಗಾಡಿ ನಿಂತರೆ ಹಾರಿ ಇಳಿದು ಚಕ್ರಕ್ಕೆ ಕಲ್ಲು ಕೊಡಬೇಕು. ಇದು ನಮ್ಮ ದೇಶದ ಇಂಗ್ಲಿಷಿನ ಅರ್ಥ. ಹೊರಗಿನ ಇಂಗ್ಲಿಷಿನಲ್ಲಿ ಕ್ಲೀನರ್ ಎಂದರೆ ಕಟ್ಟಡವನ್ನೋ ಕೋಣೆಯನ್ನೋ ಶುಚಿ ಮಾಡುವವರು. ಲಾರಿಯವನಿಗೆ ಬ್ರಿಟನ್ನಿನಲ್ಲಿ ‘ಡ್ರೈವರ್ಸ್ ಮೇಟ್’ ಎನ್ನುತ್ತಾರಂತೆ. ಅರ್ಜಿಯಲ್ಲಿ ಬರೆಯುವಾಗ ‘ಲಾರಿ ಅಟೆಂಡೆಂಟ್’ ಎಂದು ಬರೆದರೆ ಎಲ್ಲರಿಗೂ ತಿಳಿಯುತ್ತದೆ ಎಂದು ನಮ್ಮ ಇಂಗ್ಲಿಷ್ ಮಿಸ್ ಹೇಳಿಕೊಟ್ಟರು. ಈ ಒಂದು ಪದವೇ ನಿನ್ನನ್ನು ಹೀಗೆ ಕಾಡಿದರೆ ಮಿಕ್ಕವನ್ನೂ ಹುಡುಕಿ ನಮ್ಮ ಪತ್ರಿಕೆಗೆ ಬರಿ ಎಂದರು. ಅದಕ್ಕೇ ಈ ಪಾಠ.

ಮೊದಲು ನನ್ನ ತಪ್ಪನ್ನು ಒಪ್ಪಿಕೊಳ್ಳುತ್ತೇನೆ. ಹತ್ತು ವರ್ಷ ಇಂಗ್ಲಿಷ್ ಓದಿ ಶುಚಿಗೆ ಸಂಬಂಧಪಟ್ಟಂತೆ ನನಗೆ ಬರುತ್ತಿದ್ದದ್ದು ಎರಡೇ ಕ್ರಿಯಾಪದ: ಕ್ಲೀನ್ ಮತ್ತು ವಾಶ್. ಕನ್ನಡದಲ್ಲೂ ಈಗ ನಾವು ‘ರೂಮ್ ಕ್ಲೀನ್ ಮಾಡು, ಪಾತ್ರೆ ಕ್ಲೀನ್ ಮಾಡು, ಗಾಜು ಕ್ಲೀನ್ ಮಾಡು’ ಎಂದೇ ಹೇಳುತ್ತೇವೆ. ಆದರೆ ಒಂದು ಭಾನುವಾರ ಪುಸ್ತಕ ಪೆನ್ನು ಹಿಡಿದು ಅಮ್ಮಿಯ ಹಿಂದೆ ತಿರುಗಿದೆ. ಬೆಳಿಗ್ಗೆ ಒಂಬತ್ತರೊಳಗೆ ಅಮ್ಮಿ ಒಂದು ಸಲವೂ ‘ಕ್ಲೀನ್’ ಎನ್ನಲಿಲ್ಲ.

ಅಂಗಳ ಝಾಡ್ನಾ ಎಂದರು. ಕನ್ನಡದಲ್ಲಿ ಗುಡಿಸು, ನಮ್ಮ ಕಡೆ ಕಸ ಹೊಡಿ ಎಂದೂ ಹೇಳುತ್ತಾರೆ. ಇಂಗ್ಲಿಷಿನಲ್ಲಿ ಸ್ವೀಪ್, ಭೂತಕಾಲದಲ್ಲಿ ಸ್ವೆಪ್ಟ್. (‘ಹೊಡಿ’ ಇದೆಯೆಂದು ‘ಬೀಟ್’ ಎಂದು ಬರೆದವರು ನಮ್ಮ ಕ್ಲಾಸಿನಲ್ಲೇ ಇದ್ದಾರೆ. ಹೆಸರು ಹೇಳುವುದಿಲ್ಲ.) ಆಮೇಲೆ ನೆಲ ಪೋಂಛ್ನಾ. ಕನ್ನಡದಲ್ಲಿ ಒರೆಸು. ಇಲ್ಲಿ ಇಂಗ್ಲಿಷ್ ಎರಡಾಗಿ ಒಡೆಯುತ್ತದೆ. ನೆಲವಾದರೆ ಮಾಪ್, ಮೇಜು, ಗಾಜು, ಕಣ್ಣೀರು, ಮೂಗು ಆದರೆ ವೈಪ್. ನೆಲದ ನೀರನ್ನು ತಳ್ಳುವ ರಬ್ಬರ್ ಪಟ್ಟಿಯ ಕೋಲನ್ನು ನಮ್ಮ ಅಂಗಡಿಗಳಲ್ಲಿ ವೈಪರ್ ಎಂದು ಮಾರುತ್ತಾರೆ. ಇಂಗ್ಲಿಷಿನವರಿಗೆ ವೈಪರ್ ಎಂದರೆ ಭಾಯಿಯ ಲಾರಿಯ ಗಾಜಿನ ಮೇಲೆ ಓಡಾಡುವುದು. ನಮ್ಮ ಕೋಲಿಗೆ ಅವರ ಹೆಸರು ಸ್ಕ್ವೀಜಿ.

ಬಾಸನ್ ಮಾಂಜ್ನಾ ಎಂದರೆ ಪಾತ್ರೆ ತಿಕ್ಕುವುದು. ಸುಮ್ಮನೆ ಪಾತ್ರೆ ತೊಳೆಯುವುದಕ್ಕೆ ‘ವಾಶ್ ದ ಡಿಶಸ್’, ಇನ್ನೂ ಸಹಜವಾಗಿ ‘ಡು ದ ಡಿಶಸ್’. ತಳ ಹಿಡಿದ ಪಾತ್ರೆಯನ್ನು ಬೂದಿ, ಹುಣಸೆಹಣ್ಣು, ತೆಂಗಿನ ನಾರು ಹಾಕಿ ಉಜ್ಜಿದರೆ ಅದು ಸ್ಕೌರ್. ಬ್ರಷ್ಷು ಹಿಡಿದು ನೆಲವನ್ನೋ ಕಾಲರನ್ನೋ ಗಸಗಸ ಉಜ್ಜಿದರೆ ಸ್ಕ್ರಬ್. ಹಿತ್ತಾಳೆ ಬಿಂದಿಗೆಯನ್ನು ಹೊಳೆಯುವ ಹಾಗೆ ಬೆಳಗಿದರೆ ಪಾಲಿಶ್. ಕನ್ನಡದ ‘ಬೆಳಗು’ ನನಗೆ ತುಂಬಾ ಇಷ್ಟವಾದ ಪದ. ಕೊಳೆ ಹೋಗುವುದನ್ನು ಹೇಳದೆ ಬೆಳಕು ಬರುವುದನ್ನು ಹೇಳುತ್ತದೆ.

ಬಟ್ಟೆ ನೆನೆಸು, ಸೋಕ್. ಒಗೆ, ವಾಶ್. ಸೋಪಿನ ನೊರೆ ಹೋಗುವ ತನಕ ಒಳ್ಳೆಯ ನೀರಿನಲ್ಲಿ ಜಾಲಾಡು, ರಿನ್ಸ್. ಹಿಂಡು, ರಿಂಗ್. ಈ ರಿಂಗ್ ಬರೆಯುವಾಗ ಮುಂದೆ ಡಬ್ಲ್ಯೂ ಹಾಕಬೇಕು, ಓದುವಾಗ ಅದನ್ನು ಬಿಡಬೇಕು. ಭೂತಕಾಲ ರಂಗ್. ಅಮ್ಮಿಗೆ ಇದನ್ನು ಹೇಳಿದಾಗ, ‘ಸರಿಯಾಗೇ ಇದೆಯಲ್ಲ, ಜೋರಾಗಿ ಹಿಂಡಿದರೆ ರಂಗ್ ಹೋಗುತ್ತದೆ’ ಎಂದರು.

ಜಾಲಾಡು ಪದದಲ್ಲಿ ಒಂದು ಚಂದ ಇದೆ. ಬೀಗದ ಕೈ ಕಳೆದುಹೋದಾಗ ‘ಮನೆಯೆಲ್ಲ ಜಾಲಾಡಿದೆ’ ಎನ್ನುತ್ತೇವೆ, ಅಂದರೆ ಹುಡುಕಿದೆ. ಉರ್ದುವಿನ ಖಂಗಾಲ್ನಾ ಕೂಡ ಹಾಗೆಯೇ, ನೀರಿನಲ್ಲಿ ಅಲುಗಾಡಿಸಿ ತೊಳೆಯುವುದೂ ಹೌದು, ಮೂಲೆಮೂಲೆ ಹುಡುಕುವುದೂ ಹೌದು. ಇಂಗ್ಲಿಷಿನಲ್ಲಿ ಪೊಲೀಸರು ಕಾಡನ್ನೆಲ್ಲ ಹುಡುಕಿದರು ಎನ್ನಲು ‘ಸ್ಕೌರ್ಡ್ ದ ಫಾರೆಸ್ಟ್’ ಎನ್ನಬಹುದು. ನಿಘಂಟು ಎರಡು ಸ್ಕೌರ್‌ಗಳನ್ನು ಬೇರೆ ಬೇರೆ ಪದ ಎಂದು ಕೊಡುತ್ತದೆ. ಆದರೂ ನೆನಪಿಟ್ಟುಕೊಳ್ಳಲು ಇದಕ್ಕಿಂತ ಸುಲಭದ ದಾರಿ ನನಗೆ ಸಿಕ್ಕಿಲ್ಲ.

ವಾಶ್, ರಿನ್ಸ್, ವೈಪ್ ಈ ಮೂರರಲ್ಲಿ ಗೊಂದಲವಾಗುವವರಿಗೆ ಒಂದು ಉಪಾಯ. ನಮ್ಮಲ್ಲಿ ಹೆಚ್ಚಿನವರು ದಿನಕ್ಕೆ ಹಲವು ಸಲ ವುಜೂ ಮಾಡುತ್ತೇವೆ. ಕೈ ತೊಳೆಯುತ್ತೇವೆ, ಅದು ವಾಶ್. ಬಾಯಿ ಮುಕ್ಕಳಿಸುತ್ತೇವೆ, ಅದು ರಿನ್ಸ್. ಮುಖ, ಮೊಣಕೈವರೆಗಿನ ಕೈ ಮತ್ತೆ ವಾಶ್. ತಲೆಗೆ ಮಸಹ್ ಮಾಡುವಾಗ ನೀರು ಹುಯ್ಯುವುದಿಲ್ಲ, ಒದ್ದೆ ಕೈಯನ್ನು ಸವರುತ್ತೇವೆ. ಅದು ವೈಪ್. ಕಾಲು ವಾಶ್. ಇಡೀ ಕ್ರಿಯೆಗೆ ಅಬ್ಲೂಶನ್ ಎಂದು ಹೆಸರು, ಅದರ ಜೊತೆ ‘ಪರ್ಫಾರ್ಮ್’ ಎಂಬ ಕ್ರಿಯಾಪದ ಬರುತ್ತದೆ. ತಲೆಯ ವಿಷಯದಲ್ಲಿ ಯಾರೂ ತೊಳೆಯುವುದನ್ನೂ ಸವರುವುದನ್ನೂ ಬೆರೆಸುವುದಿಲ್ಲ. ಹಾಗಾದರೆ ‘ಐ ವಾಶ್ಡ್ ದ ಬ್ಲ್ಯಾಕ್‌ಬೋರ್ಡ್’ ಎಂದು ಯಾಕೆ ಬರೆಯಬೇಕು? ಬೋರ್ಡಿಗೆ ಬಕೆಟ್ ನೀರು ಸುರಿದರೆ ಮಾತ್ರ ವಾಶ್.

ಒಟ್ಟಿನಲ್ಲಿ ಕನ್ನಡವೂ ಉರ್ದುವೂ ಇಂಗ್ಲಿಷೂ ಕೇಳುವುದು ಅವೇ ಪ್ರಶ್ನೆಗಳನ್ನು. ನೀರು ಬೇಕೇ? ಕೈಯಲ್ಲಿ ಏನಿದೆ, ಪೊರಕೆಯೋ ಬಟ್ಟೆಯೋ ಬ್ರಷ್ಷೋ? ಹೋಗಬೇಕಾದದ್ದು ಧೂಳೋ, ಜಿಡ್ಡೋ, ಕಲೆಯೋ? ಇದಕ್ಕೆ ಉತ್ತರ ಗೊತ್ತಾದರೆ ಕ್ರಿಯಾಪದ ತಾನಾಗಿ ಬರುತ್ತದೆ. ಒಂದೇ ಒಂದು ಪದ ಮಾತ್ರ ಮೋಸ ಮಾಡುತ್ತದೆ, ಡಸ್ಟ್. ‘ಡಸ್ಟ್ ದ ಶೆಲ್ಫ್’ ಎಂದರೆ ಕಪಾಟಿನ ಧೂಳು ತೆಗೆ. ‘ಡಸ್ಟ್ ದ ಕೇಕ್ ವಿತ್ ಶುಗರ್’ ಎಂದರೆ ಕೇಕಿನ ಮೇಲೆ ಸಕ್ಕರೆ ಪುಡಿ ಉದುರಿಸು. ತೆಗೆಯುವುದಕ್ಕೂ ಹಾಕುವುದಕ್ಕೂ ಅದೇ ಪದ.

ನನ್ನ ಪಟ್ಟಿ ನೋಡಿ ಗೆಳತಿಯರೂ ಸೇರಿಸಲು ಕುಳಿತರು. (ಹುಡುಗರನ್ನೂ ಕೇಳಿದೆ. ಅವರಿಗೆ ಯಾವ ಭಾಷೆಯಲ್ಲೂ ಬರುವುದಿಲ್ಲ.) ಅರಕಲಗೂಡಿನಿಂದ ಬಸ್ಸಿನಲ್ಲಿ ಬರುವ ಗೆಳತಿಯ ಮನೆಯಲ್ಲಿ ರಾಗಿ ಬೆಳೆಯುತ್ತಾರೆ. ಕಾಳು ಶುಚಿ ಮಾಡುವುದಕ್ಕೆ ಏನೆನ್ನುತ್ತೀರಿ ಎಂದು ಕೇಳಿದಳು. ಮೊರದಲ್ಲಿ ಕೇರುವುದು ವಿನೋ, ಜರಡಿ ಹಿಡಿಯುವುದು ಸಿಫ್ಟ್, ಅಕ್ಕಿಯಲ್ಲಿ ಕಲ್ಲು ಆರಿಸುವುದು ‘ಪಿಕ್ ಔಟ್ ದ ಸ್ಟೋನ್ಸ್’. ಸಗಣಿಯಲ್ಲಿ ಸಾರಿಸುವುದಕ್ಕೆ ಒಂದೇ ಪದ ಸಿಗಲಿಲ್ಲ. ಆ ಕೆಲಸ ಇಲ್ಲದ ಊರಿನ ಭಾಷೆಯಲ್ಲಿ ಪದ ಎಲ್ಲಿಂದ ಬರಬೇಕು? ಬಿಡಿಸಿಯೇ ಹೇಳಬೇಕು.

ಚನ್ನರಾಯಪಟ್ಟಣದ ಗೆಳತಿ ಇನ್ನೂ ಕಷ್ಟದ ಪ್ರಶ್ನೆ ತಂದಳು. ಅವಳ ತಾಲ್ಲೂಕಿನಲ್ಲೇ ಶ್ರವಣಬೆಳಗೊಳ ಇದೆ. ಬಾಹುಬಲಿಗೆ ಹನ್ನೆರಡು ವರ್ಷಕ್ಕೊಮ್ಮೆ ಮಹಾಮಸ್ತಕಾಭಿಷೇಕ, ಹಿಂದಿನದು ನಡೆದದ್ದು 2018ರಲ್ಲಿ. ಹಾಲು, ಎಳನೀರು, ಅರಿಶಿನ, ಚಂದನ ತಲೆಯಿಂದ ಇಳಿಯುತ್ತವೆ. ಇದು ವಾಶ್ ಆಗುತ್ತದೆಯೇ? ಆಗುವುದಿಲ್ಲ. ಇಂಗ್ಲಿಷ್ ಪತ್ರಿಕೆಗಳು ಬಳಸುವ ಪದ ಅನಾಯಿಂಟ್. ಕೊಳೆ ಇದೆ ಎಂದು ಮಾಡುವ ಕೆಲಸ ಅದಲ್ಲ, ಭಕ್ತಿಗೆ ಮಾಡುವುದು. ಆಗ ನನಗೆ ಮನೆಯ ಮಾತು ನೆನಪಾಯಿತು. ನಾನಿ ಯಾವಾಗಲೂ ‘ಸಾಫ್ ಇದ್ದರೆ ಸಾಲದು, ಪಾಕ್ ಇರಬೇಕು’ ಎನ್ನುತ್ತಾರೆ. ಸಾಫ್ ಕಣ್ಣಿಗೆ ಕಾಣುವುದು, ಪಾಕ್ ನಮಾಜಿಗೆ ಬೇಕಾದದ್ದು. ಗೆಳತಿ, ‘ನಮ್ಮಜ್ಜಿಯೂ ಅದನ್ನೇ ಹೇಳ್ತಾರೆ. ಒಗೆದ ಬಟ್ಟೆ ಬೇರೆ, ಮಡಿ ಬಟ್ಟೆ ಬೇರೆ’ ಎಂದಳು. ಇಂಗ್ಲಿಷಿನಲ್ಲಿ ಮೊದಲನೆಯದಕ್ಕೆ ಕ್ಲೀನ್, ಎರಡನೆಯದಕ್ಕೆ ಪ್ಯೂರ್ ಹತ್ತಿರ ಬರುತ್ತದೆ. ಎರಡು ಅಜ್ಜಿಯರಿಗೆ ಗೊತ್ತಿದ್ದ ವ್ಯತ್ಯಾಸ ನಮ್ಮ ‘ಕ್ಲೀನ್ ಮಾಡು’ವಿನಲ್ಲಿ ಕಳೆದುಹೋಗಿತ್ತು.

ಈಗ ವ್ಯಾಕರಣ. ಪರೀಕ್ಷೆಗೂ ಬರುತ್ತದೆ, ಆದ್ದರಿಂದ ಗಮನವಿಟ್ಟು ಓದಿ. ಕನ್ನಡದಲ್ಲಿ ‘ಒಗೆದೆ’ ಬೇರೆ, ‘ಒಗೆಸಿದೆ’ ಬೇರೆ. ‘ತೊಳೆದೆ’ ಬೇರೆ, ‘ತೊಳೆಸಿದೆ’ ಬೇರೆ. ಒಂದು ‘ಇಸು’ ಸೇರಿದರೆ ಕೆಲಸ ಬೇರೆಯವರ ಕೈಗೆ ಹೋಗುತ್ತದೆ. ಉರ್ದುವಿನಲ್ಲಿ ಧೋನಾ, ಧುಲ್ವಾನಾ. ಇಂಗ್ಲಿಷಿನಲ್ಲಿ ಬಾಲ ಸೇರಿಸುವುದಿಲ್ಲ, ವಾಕ್ಯವನ್ನೇ ತಿರುಗಿಸುತ್ತಾರೆ. ‘ಐ ವಾಶ್ಡ್ ಮೈ ಯೂನಿಫಾರ್ಮ್’ ಎಂದರೆ ನಾನೇ ಒಗೆದೆ. ‘ಐ ಹ್ಯಾಡ್ ಮೈ ಯೂನಿಫಾರ್ಮ್ ವಾಶ್ಡ್’ ಎಂದರೆ ಒಗೆಸಿದೆ. ‘ಹ್ಯಾಡ್’ ಆದಮೇಲೆ ವಸ್ತು, ವಸ್ತುವಿನ ನಂತರ ಕ್ರಿಯಾಪದದ ಮೂರನೆಯ ರೂಪ. ಒಗೆದವರ ಹೆಸರೂ ಬೇಕೆಂದರೆ ‘ಐ ಗಾಟ್ ಮೈ ಸಿಸ್ಟರ್ ಟು ವಾಶ್ ಇಟ್’. ಮಾಡಿಸುವ ಮಾತನ್ನು ಮರೆತರೆ ಅಮ್ಮಿ ಒಗೆದ ಬಟ್ಟೆಯನ್ನು ನಾವು ಒಗೆದೆವೆಂದು ಬರೆದ ಹಾಗಾಗುತ್ತದೆ. ವ್ಯಾಕರಣದ ತಪ್ಪೂ ಹೌದು, ಸುಳ್ಳೂ ಹೌದು.

ಸುಳ್ಳು ಎಂದಾಗ ನೆನಪಾಯಿತು. ಅಕ್ಟೋಬರ್ 2ರಂದು ಗಾಂಧಿ ಜಯಂತಿಗೆ ಶ್ರಮದಾನ ಮಾಡಿದೆವಲ್ಲ, ಅದರ ಇಂಗ್ಲಿಷ್ ವರದಿ ಬರೆದದ್ದು ನಾನೇ. ‘ವಿ ಕ್ಲೀನ್ಡ್ ದ ಕ್ಯಾಂಪಸ್’ ಎಂದು ಬರೆದಿದ್ದೆ. ನಿಜಕ್ಕೂ ಏನಾಯಿತು? ನಾವು ಅರ್ಧ ಗಂಟೆ ಗುಡಿಸಿದೆವು, ಕಸದ ಮೂರು ಗುಡ್ಡೆ ಮಾಡಿದೆವು, ಫೋಟೋ ತೆಗೆಸಿಕೊಂಡೆವು. (ನೋಡಿ, ಇಲ್ಲೂ ‘ಇಸು’.) ಆಮೇಲೆ ಬಿಸಿಲು ಎಂದು ಒಳಗೆ ಹೋದೆವು. ಗುಡ್ಡೆಗಳನ್ನು ಎತ್ತಿದವರು ನಮ್ಮ ಆಯಮ್ಮ ಮತ್ತು ಕಸದ ಗಾಡಿಯವರು. ಮಿಸ್ ಆ ವಾಕ್ಯದ ಕೆಳಗೆ ಕೆಂಪು ಗೆರೆ ಎಳೆದರು. ನಾನು ತಿದ್ದಿ ‘ದ ಕ್ಯಾಂಪಸ್ ವಾಸ್ ಕ್ಲೀನ್ಡ್’ ಎಂದು ಕರ್ಮಣಿಯಲ್ಲಿ ಬರೆದೆ. ಈಗ ಸುಳ್ಳಿರಲಿಲ್ಲ, ಆದರೆ ಮಾಡಿದವರೇ ಇರಲಿಲ್ಲ. ಮಿಸ್ ಮತ್ತೆ ಗೆರೆ ಎಳೆದರು. ಮೂರನೆಯ ಸಲ ಬರೆದದ್ದು: ‘ವಿ ಸ್ವೆಪ್ಟ್ ದ ಗ್ರೌಂಡ್, ಅಂಡ್ ದ ಸ್ಟಾಫ್ ಕ್ಯಾರೀಡ್ ಅವೇ ದ ರಬ್ಬಿಶ್.’ ಅದಕ್ಕೆ ಸರಿ ಗುರುತು ಬಿತ್ತು.

ನುಡಿಗಟ್ಟುಗಳು ನೂರಾರು ಇವೆ, ಎಲ್ಲವನ್ನೂ ಬರೆಯಲು ಜಾಗವಿಲ್ಲ. ‘ಬ್ರಷ್ ಅಪ್’ ಎಂದರೆ ಓದಿದ್ದನ್ನು ಮತ್ತೆ ತಿರುವಿಹಾಕುವುದು. ‘ಕಮ್ ಕ್ಲೀನ್’ ಎಂದರೆ ಮುಚ್ಚಿಟ್ಟದ್ದನ್ನು ಒಪ್ಪಿಕೊಳ್ಳುವುದು. ‘ಸ್ವೀಪ್ ಅಂಡರ್ ದ ಕಾರ್ಪೆಟ್’ ಎಂದರೆ ತಪ್ಪನ್ನು ಸರಿಪಡಿಸದೆ ಅಡಗಿಸುವುದು. ಎಚ್ಚರ ಬೇಕಾದದ್ದು ಕೈ ತೊಳೆಯುವಲ್ಲಿ. ಇಂಗ್ಲಿಷಿನಲ್ಲಿ ‘ವಾಶ್ ಒನ್ಸ್ ಹ್ಯಾಂಡ್ಸ್ ಆಫ್’ ಎಂದರೆ ಇನ್ನು ಇದು ನನ್ನ ಜವಾಬ್ದಾರಿಯಲ್ಲ ಎನ್ನುವುದು, ನಮ್ಮ ‘ಕೈ ತೊಳೆದುಕೊಂಡ’ ಕೂಡ ಅದೇ. ಉರ್ದುವಿನಲ್ಲಿ ‘ಹಾಥ್ ಧೋ ಬೈಠ್ನಾ’ ಎಂದರೆ ಕಳೆದುಕೊಂಡು ಕೂರುವುದು. ‘ಹಾಥ್ ಧೋಕರ್ ಪೀಛೇ ಪಡ್ನಾ’ ಎಂದರೆ ಪಟ್ಟುಬಿಡದೆ ಬೆನ್ನು ಹತ್ತುವುದು. ಮನೆಯಲ್ಲಿ ಉರ್ದು ಮಾತಾಡುವವರು ನೇರವಾಗಿ ಅನುವಾದಿಸಿದರೆ ಅರ್ಥ ತಲೆಕೆಳಗಾಗುತ್ತದೆ.

ಕಾಮರ್ಸ್‌ನವರಿಗೆ ಮುಖ್ಯವಾದವು ಕೆಲವು. ಆಡಿಟರ್ ‘ಕ್ಲೀನ್ ರಿಪೋರ್ಟ್’ ಕೊಟ್ಟರು ಎಂದರೆ ಲೆಕ್ಕದ ಬಗ್ಗೆ ಯಾವ ಆಕ್ಷೇಪವೂ ಇಲ್ಲ ಎಂದರ್ಥ. ‘ಕ್ಲೀನ್ ಬಿಲ್ ಆಫ್ ಲೇಡಿಂಗ್’ ಎಂದರೆ ಹಡಗಿಗೆ ಬಂದ ಸರಕು ಮೇಲ್ನೋಟಕ್ಕೆ ಸುಸ್ಥಿತಿಯಲ್ಲಿತ್ತು ಎಂದು, ಕೊರತೆಯ ಷರಾ ಇಲ್ಲದೆ ಕೊಟ್ಟ ರಸೀದಿ. ಬ್ಯಾಂಕುಗಳಲ್ಲಿ ಹೆಚ್ಚಾದ ಹಣವನ್ನು ರಿಸರ್ವ್ ಬ್ಯಾಂಕ್ ಹೀರಿಕೊಳ್ಳುವುದಕ್ಕೆ ಪತ್ರಿಕೆಗಳು ‘ಮಾಪ್ ಅಪ್’ ಎನ್ನುತ್ತವೆ, ಚೆಲ್ಲಿದ ನೀರನ್ನು ಬಟ್ಟೆ ಹೀರಿದ ಹಾಗೆ. ‘ಕ್ಲೀನ್ ಚಿಟ್’ ನಮ್ಮ ದೇಶದ್ದೇ ಇಂಗ್ಲಿಷ್. ಚಿಟ್ ಎಂಬುದು ಚಿಟ್ಠಿಯಿಂದ ಹೋದದ್ದು, ಕನ್ನಡದ ಚೀಟಿಯ ನೆಂಟ. ಹೊರಗಿನವರು ‘ಕ್ಲೀನ್ ಬಿಲ್ ಆಫ್ ಹೆಲ್ತ್’ ಎನ್ನುತ್ತಾರೆ. ಹೊರಟ ಬಂದರಿನಲ್ಲಿ ಅಂಟುರೋಗವಿಲ್ಲ ಎಂದು ಹಡಗುಗಳಿಗೆ ಕೊಡುತ್ತಿದ್ದ ಪತ್ರ ಅದರ ಮೂಲ.

‘ಮನಿ ಲಾಂಡರಿಂಗ್’ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಲಾಂಡರ್ ಎಂದರೆ ಬಟ್ಟೆ ಒಗೆದು ಇಸ್ತ್ರಿ ಮಾಡುವುದು. ಅಪರಾಧದಿಂದ ಬಂದ ಹಣವನ್ನು ನ್ಯಾಯವಾದ ಹಣದಂತೆ ತೋರಿಸುವುದಕ್ಕೆ ಈ ಪದ 1970ರ ದಶಕದಲ್ಲಿ ಅಮೆರಿಕದ ವಾಟರ್‌ಗೇಟ್ ಹಗರಣದ ಕಾಲಕ್ಕೆ ಪ್ರಸಿದ್ಧವಾಯಿತು. ಭಾರತದಲ್ಲಿ ಇದರ ವಿರುದ್ಧದ ಕಾಯ್ದೆ 2002ರದ್ದು, ಜಾರಿಗೆ ಬಂದದ್ದು 1 ಜುಲೈ 2005ರಂದು. ಇದರಲ್ಲಿ ಮೂರು ಹಂತ ಎಂದು ಹೇಳುತ್ತಾರೆ: ಪ್ಲೇಸ್‌ಮೆಂಟ್, ಲೇಯರಿಂಗ್, ಇಂಟಿಗ್ರೇಶನ್. ನಾನು ನೆನಪಿಟ್ಟುಕೊಂಡದ್ದು ಅಮ್ಮಿಯ ಬಕೆಟ್ಟಿನಿಂದ. ಹಣವನ್ನು ಬ್ಯಾಂಕಿನೊಳಗೆ ನೆನೆಹಾಕುವುದು ಒಂದು, ಖಾತೆಯಿಂದ ಖಾತೆಗೆ ಹಾಕಿ ಜಾಲಾಡಿ ಮೂಲ ಗುರುತು ಸಿಗದ ಹಾಗೆ ಮಾಡುವುದು ಎರಡು, ಇಸ್ತ್ರಿ ಮಾಡಿ ತೊಟ್ಟುಕೊಂಡು ಓಡಾಡುವುದು ಮೂರು. ಕನ್ನಡ ಪತ್ರಿಕೆಗಳು ಇದನ್ನು ‘ಅಕ್ರಮ ಹಣ ವರ್ಗಾವಣೆ’ ಎಂದು ಬರೆಯುತ್ತವೆ. ಅದರಲ್ಲಿ ಒಗೆಯುವುದು ಬಿಟ್ಟುಹೋಗಿದೆ. ಜನ ಮಾತಾಡುವಾಗ ಹೇಳುವ ‘ಕಪ್ಪು ಹಣ ಬಿಳಿ ಮಾಡಿದ’ ಎಂಬುದೇ ಹತ್ತಿರ ಎಂದು ನನ್ನ ಅಭಿಪ್ರಾಯ.

ಕೊನೆಗೆ, ಕೆಲಸ ಮಾಡುವವರ ಹೆಸರು. ಸ್ಕ್ಯಾವೆಂಜರ್ ಎಂಬ ಪದದ ಕಥೆ ವಿಚಿತ್ರ. ಹಳೆಯ ಲಂಡನ್ನಿನಲ್ಲಿ ಅದು ಹೊರಗಿನ ವ್ಯಾಪಾರಿಗಳ ಸರಕಿನ ಮೇಲೆ ಸುಂಕ ವಸೂಲಿ ಮಾಡುವ ಅಧಿಕಾರಿಯ ಹೆಸರು. ಆ ಅಧಿಕಾರಿಗೇ ಬೀದಿ ಶುಚಿಯ ಉಸ್ತುವಾರಿಯೂ ಬಂತು. ಆಮೇಲೆ ಸುಂಕ ಹೋಯಿತು, ಕಸ ಉಳಿಯಿತು. ನಮ್ಮಲ್ಲಿ ಈ ಪದ ಮಲ ಹೊರುವವರಿಗೆ ಅಂಟಿಕೊಂಡಿತು. ದೇವರಾಜ ಅರಸರ ಸರ್ಕಾರದಲ್ಲಿ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪನವರು 1970ರ ದಶಕದಲ್ಲಿ ತಲೆಯ ಮೇಲೆ ಮಲ ಹೊರುವುದನ್ನು ಕರ್ನಾಟಕದಲ್ಲಿ ನಿಲ್ಲಿಸಲು ಆದೇಶಿಸಿದರು. ಇಡೀ ದೇಶಕ್ಕೆ ಅನ್ವಯಿಸುವ ಈಗಿನ ಕಾಯ್ದೆ 2013ರದ್ದು. ಬೀದಿ ಗುಡಿಸುವವರನ್ನು ಕನ್ನಡದಲ್ಲಿ ಪೌರಕಾರ್ಮಿಕರು ಎನ್ನುತ್ತೇವೆ, ಸೆಪ್ಟೆಂಬರ್ 23 ಅವರ ದಿನ. ಇಂಗ್ಲಿಷಿನಲ್ಲಿ ‘ಸ್ವೀಪರ್’ ಎಂದು ಬರೆಯುವ ಬದಲು ‘ಸ್ಯಾನಿಟೇಶನ್ ವರ್ಕರ್’ ಎಂದು ಬರೆಯಿರಿ. ನನಗೆ ಕೇಳಿದರೆ ಪೌರಕಾರ್ಮಿಕ ಎಂದೇ ಇಂಗ್ಲಿಷಿನಲ್ಲೂ ಬರೆಯಬಹುದು. ಚಿಟ್ ಹೋಗಲಿಲ್ಲವೇ?

ನಾನು ಹೊಳೆನರಸೀಪುರದಿಂದ ಬೆಳಗಿನ ರೈಲಿಗೆ ಬರುವವಳು. ಸ್ಟೇಷನ್ನಿಗೆ ಹೋಗುವ ಹೊತ್ತಿಗೆ ನಮ್ಮ ಬೀದಿಯ ಅಕ್ಕ ಅರ್ಧ ರಸ್ತೆ ಗುಡಿಸಿ ಮುಗಿಸಿರುತ್ತಾರೆ. ಅವರೂ ಪೌರಕಾರ್ಮಿಕರೇ. ನನ್ನ ಕಾಲಿಗೆ ಧೂಳು ಬರದಿರಲಿ ಎಂದು ಪೊರಕೆ ನಿಲ್ಲಿಸಿ ದಾರಿ ಬಿಡುತ್ತಾರೆ, ಪರೀಕ್ಷೆ ಯಾವಾಗ ಎಂದು ಕೇಳುತ್ತಾರೆ. ಸಂದರ್ಶನದ ಮರುದಿನವೂ ಹಾಗೆಯೇ ನಿಲ್ಲಿಸಿದರು. ನನಗೆ ಅವರ ಮುಖ ನೋಡಲು ಆಗಲಿಲ್ಲ. ‘ನಾಟ್ ದಟ್ ಕ್ಲೀನರ್’ ಎಂದು ಕುರ್ಚಿಯಿಂದ ಎದ್ದು ಹೇಳಿದೆನಲ್ಲ, ಆ ‘ದಟ್’ ಯಾರು? ವ್ಯಾಕರಣ ತಿದ್ದುವುದಕ್ಕೆ ಅಷ್ಟು ಅವಸರ ಯಾರಿಗೂ ಇರುವುದಿಲ್ಲ. ರಾತ್ರಿ ಭಾಯಿಗೆ ಹೇಳಿದೆ. ಅವನು ಊಟ ಮಾಡುತ್ತಲೇ, ‘ಹೌದು, ಆಸ್ಪತ್ರೆಯಲ್ಲಿ ಎಂದು ಹೇಳಿದ್ದರೆ ಏನಾಗುತ್ತಿತ್ತು? ಅವರಿಗೆ ತಿಂಗಳ ಸಂಬಳವಾದರೂ ಬರುತ್ತೆ’ ಎಂದ.

ಪದಗಳನ್ನು ಬರೀ ಬಾಯಿಪಾಠ ಮಾಡಿದರೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಬಳಸಿ ನೋಡಬೇಕು. ಇವನ್ನು ಇಂಗ್ಲಿಷಿಗೆ ತಿರುಗಿಸಿ, ಮುಂದಿನ ಸಂಚಿಕೆಗೆ ಮೊದಲು ಮಿಸ್‌ಗೆ ಕೊಡಿ. ‘ಕ್ಲೀನ್’ ಬಳಸುವಂತಿಲ್ಲ. ಒಂದು: ಅವನು ಗಾಜು ಒರೆಸಿದ, ಆಮೇಲೆ ಲಾರಿ ತೊಳೆದ. ಎರಡು: ನಾನು ಶೂ ಪಾಲಿಶ್ ಮಾಡಿಸಿದೆ. ಮೂರು: ಬಟ್ಟೆಯನ್ನು ಎರಡು ಸಲ ಜಾಲಾಡಿ ಹಿಂಡಿದಳು. ನಾಲ್ಕು: ಬೀಗದ ಕೈಗಾಗಿ ಮನೆಯೆಲ್ಲ ಜಾಲಾಡಿದಳು. ಐದು: ನಾವು ರೈಲು ಹತ್ತುವ ಮೊದಲೇ ಅಕ್ಕ ರಸ್ತೆ ಗುಡಿಸಿದ್ದರು. ಐದನೆಯದರಲ್ಲಿ ಕರ್ಮಣಿ ಪ್ರಯೋಗ ಮಾಡಬೇಡಿ.